ನೆಲದಡಿಯಲ್ಲಿ ಗೈರುಹಾಜರಾದ ಸೂಜಿ

ಧಾನ್ಯದ ಆ ದೊಡ್ಡ ಗೋದಾಮಿನವರು ಒಂದು ನಾಯಿಗೆ ಇವತ್ತಿಗೂ ಕೂಲಿ ಬಾಕಿ ಉಳಿಸಿಕೊಂಡಿದ್ದಾರೆ. ಕೂಲಿ ಎಂದರೆ ದುಡ್ಡಲ್ಲ. ಒಂದು ಬೋಗುಣಿ ಮಾಂಸದ ಚೂರು, ಮೇಲೊಂದು ಮೂಳೆ. ಗೇಟಿನ ಎದುರಿನ ಮಾಂಸದಂಗಡಿಯಿಂದ ಗೋದಾಮಿನ ಲೆಕ್ಕದಲ್ಲಿ ಪ್ರತಿ ಸಂಜೆ ಬರಬೇಕಾದದ್ದು. ಒಂದು ಸಂಜೆಯದು ಬರಲಿಲ್ಲ, ಮರುದಿನದ್ದೂ ಬರಲಿಲ್ಲ. ಕೇಳಿದರೆ, ನಾಯಿ ಗೈರುಹಾಜರಾಗಿತ್ತು ಎಂದರು. ಗೈರುಹಾಜರಾಗಿ ಎಲ್ಲಿ ಹೋಗಿತ್ತು? ಅವರದೇ ಗೋದಾಮಿನ ನೆಲದ ಕೆಳಗೆ, ಅವರದೇ ಹೊಸ ಸಿಮೆಂಟಿನ ಅಡಿಯಲ್ಲಿತ್ತು. ಕೆಲಸದಲ್ಲೇ ಹೂತುಹೋದವರ ಹಾಜರಿ ಕತ್ತರಿಸುವುದಕ್ಕೂ ಒಂದು ಎದೆಗಾರಿಕೆ ಬೇಕು. ಅದು ಅವರಲ್ಲಿ ಧಾರಾಳವಾಗಿತ್ತು.

ಆ ನಾಯಿಯ ಹೆಸರು ಸೂಜಿ. ಅದರ ಒಡತಿಯನ್ನು ಎಲ್ಲರೂ ಇಲಿಯಕ್ಕ ಎನ್ನುತ್ತಾರೆ. ಹುಟ್ಟಿದಾಗ ಇಟ್ಟ ಹೆಸರೊಂದು ಇದೆ, ಆದರೆ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಐವತ್ತು ದಾಟಿದ ಕುಳ್ಳ ಹೆಂಗಸು. ಮುಂಗೈ ತುಂಬ ಹಳೆಯ ಕಡಿತಗಳ ಗೀರು. ಅವಳು ಬಾಯಿ ತೆಗೆದರೆ ಹಿಂದಕ್ಕೆ ಬರುತ್ತಿರುವ ಲಾರಿ ಕೂಡ ಗಕ್ಕನೆ ನಿಲ್ಲುತ್ತದೆ.

ಅವಳಪ್ಪನೂ ಇಲಿ ಹಿಡಿಯುವವನೇ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ, ಅದರಲ್ಲಿ ಎರಡು ನಾಯಿ ಕೂರಿಸಿಕೊಂಡು ಗಿರಣಿಯಿಂದ ಗಿರಣಿಗೆ ಹೋಗುತ್ತಿದ್ದ. ಕಸುಬನ್ನು ಮಗನಿಗೇ ಕೊಡಬೇಕೆಂದು ಅವನ ಆಸೆ. ಮಗನೋ ಹೆಗ್ಗಣ ಕಂಡರೆ ಮೇಜು ಹತ್ತುವವನು. ಕೊನೆಗೆ ಅಪ್ಪ ಕೈಚೆಲ್ಲಿ, "ಹೋಗ್ಲಿ, ನೀನೇ ಹಿಡಿ" ಎಂದು ಮಗಳ ಕೈಗೆ ನಾಯಿ ಕೊಟ್ಟ. ಅವಳು ಅದನ್ನು ಎರಡನೇ ದರ್ಜೆಯ ಆಸ್ತಿ ಎಂದೇನೂ ಭಾವಿಸಲಿಲ್ಲ. "ತಮ್ಮ ಮೇಜು ಹತ್ತಿದ್ದಕ್ಕೆ ನನಗೆ ಅನ್ನ ಹುಟ್ತು" ಎಂದು ಇವತ್ತಿಗೂ ಹಲ್ಲು ಬಿಡುತ್ತಾಳೆ.

ಅವಳ ನಾಯಿಗಳನ್ನು ಮೊದಲ ಸಲ ನೋಡಿದವರು ಮೂಗು ಮುರಿಯುತ್ತಾರೆ. ಮೊಣಕಾಲಿನೆತ್ತರ, ಒರಟು ಕೂದಲು, ಬಿಳಿ ಮೈ, ಒಂದು ಕಿವಿ ಕಂದು. ನಾಯಿ ಅಂದರೆ ಇಷ್ಟೇನಾ ಎನ್ನುತ್ತಾರೆ. ಇಷ್ಟೇ ಇರಬೇಕು. ಓದಿದವರು ಟೆರಿಯರ್ ಎನ್ನುವ ಈ ಜಾತಿಯನ್ನು ಗೋದಾಮಿನವರು ಬಿಲದ ನಾಯಿ ಎನ್ನುತ್ತಾರೆ. ಜಿಂಕೆ, ಹಂದಿ ಅಟ್ಟುವ ಎತ್ತರದ ನಾಯಿಗಳನ್ನು ಅರಮನೆಯವರು ಸಾಕಿದರು. ಅವಕ್ಕೆ ಚಿತ್ರಪಟ, ಬೆಳ್ಳಿಯ ಸರಪಳಿ. ಇಲಿ, ಹೆಗ್ಗಣ ಹಿಡಿಯುವ ನಾಯಿಗಳನ್ನು ಮಾಡಿದವರು ಗಿರಣಿಯವರು, ಗಣಿಯವರು, ನೇಯುವವರು, ಕುರಿ ಕಾಯುವವರು. ಯಾವ ಮರಿ ಬಿಲದೊಳಗೆ ನುಗ್ಗಿತೋ, ಯಾವುದು ಕಚ್ಚಿಸಿಕೊಂಡರೂ ಹಿಂದೆ ಸರಿಯಲಿಲ್ಲವೋ ಅದನ್ನೇ ಉಳಿಸಿಕೊಳ್ಳುತ್ತ, ತಲೆಮಾರುಗಟ್ಟಲೆ ಕೂಡಿಸುತ್ತ ಬಂದರು. ನೇಕಾರರ ಮಗ್ಗದ ಕೆಳಗೆ ಇಲಿ ಮುರಿಯುತ್ತಿದ್ದ ಒಂದು ತಳಿ ಇವತ್ತು ತಲೆಗೆ ರಿಬ್ಬನ್ ಕಟ್ಟಿಸಿಕೊಂಡು ಸಾಹುಕಾರರ ಮಡಿಲಲ್ಲಿ ಬಿಸ್ಕತ್ತು ತಿನ್ನುತ್ತಿದೆ. ಅದರ ತಪ್ಪೇನಿಲ್ಲ, ಪಾಪ. ಕೆಲಸ ಕಿತ್ತುಕೊಂಡು ಬಿಸ್ಕತ್ತು ಕೊಟ್ಟರೆ ಯಾರಾದರೂ ತಿನ್ನುತ್ತಾರೆ.

ಇಲಿಯಕ್ಕ ಮರಿಯನ್ನು ಆರಿಸುವ ರೀತಿ ಅಪ್ಪನದೇ. ಮುಂಗಾಲಿನ ಹಿಂದೆ ಎದೆಗೂಡನ್ನು ಎರಡೂ ಕೈಯಿಂದ ಬಳಸಿ ಹಿಡಿಯುತ್ತಾಳೆ. ಬೆರಳಿಗೆ ಬೆರಳು ತಾಗಿದರೆ ಅದು ಕೆಲಸಕ್ಕೆ. ತಾಗದಿದ್ದರೆ ಎಷ್ಟೇ ಚೂಟಿಯಾಗಿದ್ದರೂ ಯಾರದೋ ಮನೆಗೆ. ಎದೆ ಅಗಲವಾದದ್ದು ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ. ಕೂದಲು ಒರಟಾಗಿದ್ದರೆ ಕೊಡವಿದಾಗ ಮಣ್ಣು ಉದುರುತ್ತದೆ. ಬಾಲ ಗಟ್ಟಿ ಇರಬೇಕು, ಏಕೆಂದರೆ ನೆಲದೊಳಗಿಂದ ನಾಯಿಯನ್ನು ಎಳೆಯಲು ಇರುವುದು ಅದೊಂದೇ ಹಿಡಿ. ಮೈ ಬಿಳಿ ಇದ್ದರೆ ಕತ್ತಲಲ್ಲಿ ಹೆಗ್ಗಣವೆಂದುಕೊಂಡು ಯಾರೂ ನಾಯಿಗೇ ದೊಣ್ಣೆ ಬೀಸುವುದಿಲ್ಲ.

ಮನೆ ಎಂದರೆ ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆ. ಮುಂದಿನದರಲ್ಲಿ ಗಂಡನ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಒಲೆ, ಮಂಚ, ನಾಯಿಗಳ ಹಣ್ಣಿನ ಪೆಟ್ಟಿಗೆ. ಗಂಡ ದರ್ಜಿ. ನಾಯಿ ಕಂಡರೆ ಆಗದು ಎಂದು ಮದುವೆಯ ದಿನದಿಂದ ಹೇಳುತ್ತ ಬಂದಿದ್ದಾನೆ. ಹೆಸರಿಡುವವನು ಮಾತ್ರ ಅವನೇ. ತಾಯಿಗೆ ಸೂಜಿ, ಯಾವಾಗಲೂ ಅದರ ಹಿಂದೆಯೇ ಸುತ್ತುತ್ತಿದ್ದ ಮಗಳಿಗೆ ದಾರ.

"ಗಿರಾಕಿ ಪ್ಯಾಂಟಿನ ಮೇಲೆಲ್ಲ ಬಿಳಿ ಕೂದಲು ಕಣೇ. ಏನಂತ ಹೇಳಲಿ?"

"ಉಣ್ಣೆ ಬಟ್ಟೆ ಅಂತ ಹೇಳಿ, ಹೆಚ್ಚಿಗೆ ತಗೋ."

ಇಂಥ ಸಂಸಾರ.

ಗೋದಾಮಿಗೆ ಅವಳು ಬರುವ ಮುಂಚೆ ವಿಷ ಇಡುತ್ತಿದ್ದರು. ವಿಷ ತಿಂದ ಹೆಗ್ಗಣ ಮೂಟೆಗಳ ನಡುವೆ ಹೋಗಿ ಸಾಯುತ್ತಿತ್ತು. ನಾತಕ್ಕೆ ಹಮಾಲಿಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂಟೆ ಹೊರುತ್ತಿದ್ದರು. ಬರಿಗಾಲಿನ ಗಾಯಕ್ಕೆ ಇಲಿಯ ಉಚ್ಚೆ ತಾಗಿ ಒಬ್ಬ ಹಮಾಲಿ ಜ್ವರದಲ್ಲಿ ಸತ್ತ. ಆಮೇಲೆ ಹಮಾಲಿಗಳೇ ಹಟ ಹಿಡಿದು ಅವಳನ್ನು ಕರೆಸಿದರು. ಸೂಜಿ ಬಂದ ಮೇಲೆ ವಿಷದ ಡಬ್ಬಿ ಹೊರಗೆ ಹೋಯಿತು. ಅದು ಹೆಗ್ಗಣದ ಕುತ್ತಿಗೆಗೆ ಬಾಯಿ ಹಾಕಿ ಒಮ್ಮೆ ಜಾಡಿಸಿದರೆ ಮುಗಿಯಿತು. ತಿನ್ನುವುದಿಲ್ಲ, ಆಡಿಸುವುದಿಲ್ಲ. ಒಂದನ್ನು ಬಿಸಾಕಿ ಇನ್ನೊಂದಕ್ಕೆ ತಿರುಗುತ್ತದೆ.

ಕೆಲಸದಲ್ಲಿ ಇಲಿಯಕ್ಕನದು ಒಂದು ಪದ್ಧತಿ. ಪಳಗಿದ ನಾಯಿಯ ಕೊರಳು ಬರಿದಾಗಿರಬೇಕು. ಪಟ್ಟಿ ಇದ್ದರೆ ನೆಲದೊಳಗೆ ಬೇರಿಗೋ ಕಲ್ಲಿಗೋ ಸಿಕ್ಕಿ ನೇಣಾಗುತ್ತದೆ. ಇನ್ನೂ ಕಲಿಯುತ್ತಿರುವ ನಾಯಿ ಬಿಲಕ್ಕೆ ಇಳಿಯುವುದಿಲ್ಲ, ಮೇಲೆಯೇ ಕಾಯುತ್ತದೆ. ಅದರ ಕೊರಳಿಗೆ ಗಂಡ ಕತ್ತರಿಸಿ ಕೊಟ್ಟ ಕೆಂಪು ಬಟ್ಟೆ. ಅದು ಒಂಟಿಯಾಗಿ ಮೊದಲ ಹೆಗ್ಗಣ ಮುರಿದ ದಿನ ಬಟ್ಟೆ ಬಿಚ್ಚುವುದು. ತಾಯಿಮಗಳು ಅಚ್ಚು ಒತ್ತಿದ ಹಾಗೆ ಒಂದೇ ತೆರ. ದೂರದಿಂದ ಇಲಿಯಕ್ಕನೂ ಕೊರಳು ನೋಡಿಯೇ ಗುರುತು ಹಿಡಿಯುತ್ತಿದ್ದಳು: ಕೆಂಪು ಇದ್ದರೆ ದಾರ, ಬರಿದಾಗಿದ್ದರೆ ಸೂಜಿ.

ಆ ದಿನ ಗೋದಾಮಿನಲ್ಲಿ ಗಡಿಬಿಡಿ. ಮರುದಿನ ದೊಡ್ಡ ಖರೀದಿದಾರರು ನೋಡಲು ಬರುವವರಿದ್ದರು. ಹಿಂಬದಿಯ ಮೂಲೆಯಲ್ಲಿ ನೆಲದಡಿ ಹಾದುಹೋಗುವ ಒಂದು ಹಳೆಯ ಕಲ್ಲು ಚರಂಡಿ. ಅದೇ ಹೆಗ್ಗಣಗಳ ಹೆದ್ದಾರಿ. ಅದರ ಒಂದು ಬಾಯಿ ಗೋದಾಮಿನ ಒಳಗೆ, ಇನ್ನೊಂದು ಗೋಡೆಯಾಚೆ ಹೊರಗೆ. ಸೂಜಿ ಒಳಗಿನ ಬಾಯಿಂದ ನುಗ್ಗಿ ಹೆಗ್ಗಣಗಳನ್ನು ಹೊರಗೆ ಅಟ್ಟಬೇಕು, ಹೊರಗೆ ಇಲಿಯಕ್ಕನೂ ದಾರವೂ ಕಾದಿರಬೇಕು, ಆಮೇಲೆ ಎರಡೂ ಬಾಯಿ ಮುಚ್ಚಬೇಕು. ಗಾರೆಯವನು ಸಿಮೆಂಟು ಕಲಸಿಕೊಂಡು ಒಳಗೆ ಕೂತಿದ್ದ.

ಹೆಗ್ಗಣಗಳು ಬಂದವು. ಬೆಕ್ಕಿನ ಗಾತ್ರದ ಒಂದು ಮುದಿ ಹೆಗ್ಗಣ ಇಲಿಯಕ್ಕನ ಕಾಲ ಸಂದಿಯಲ್ಲೇ ನುಸುಳಿತು. ದಾರ ಅದರ ಮೇಲೆ ಬಿತ್ತು. ಒಮ್ಮೆ ಕಚ್ಚಿಸಿಕೊಂಡು ಕುಂಯ್ ಎಂದಿತು, ಬಿಡಲಿಲ್ಲ, ಜಾಡಿಸಿತು, ಮುರಿಯಿತು. ಇಲಿಯಕ್ಕನಿಗೆ ಹಿಗ್ಗೋ ಹಿಗ್ಗು. ಅಲ್ಲೇ ಕೂತು ಕೆಂಪು ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೋಗೇ, ಇವತ್ತಿಂದ ನೀನೂ ದುಡಿಯೋಳೇ. ನೀರು ಕುಡಿದು ಬಾ."

ದಾರ ಒಳಗೆ ಓಡಿತು. ಹೆಗ್ಗಣಗಳು ಬರುವುದು ನಿಂತ ಮೇಲೆ ಅವಳು ಹೊರಗಿನ ಬಾಯಿಗೆ ಕಲ್ಲು ಉರುಳಿಸಿ ಗೋದಾಮಿನೊಳಗೆ ಕಾಲಿಟ್ಟಳು. ದೂರದಲ್ಲಿ, ಅರೆಬೆಳಕಿನಲ್ಲಿ, ತೊಟ್ಟಿಯ ಬಳಿ ನೀರು ನೆಕ್ಕುತ್ತಿದ್ದ ಬಿಳಿ ನಾಯಿ ಕಂಡಿತು. ಮೈತುಂಬ ಮಣ್ಣು. ಕೊರಳು ಬರಿದು.

"ಅಕ್ಕಾ, ಸಿಮೆಂಟು ಗಟ್ಟಿ ಆಗ್ತಿದೆ. ಮುಚ್ಚಿಬಿಡಲಾ?" ಗಾರೆಯವನು ಕೂಗಿದ.

"ಬಂದಿದಾಳಲ್ಲ, ಮುಚ್ಚು!"

ಅವನು ಮುಚ್ಚಿದ. ಬೇಗ ಒಣಗಲೆಂದು ಏನೋ ಪುಡಿಯನ್ನೂ ಬೆರೆಸಿದ್ದ. ಮೇಲೆ ಹಲಗೆ ಹಾಸಿ, ಹಮಾಲಿಗಳು ಆ ಮೂಲೆಯಲ್ಲಿ ಮಾಡಿನವರೆಗೆ ಮೂಟೆ ಅಟ್ಟಿ ಹಾಕಿದರು.

ಮನೆಗೆ ಹೊರಡುವಾಗ ಇಲಿಯಕ್ಕ ಸಿಳ್ಳೆ ಹಾಕಿದಳು. ಒಂದೇ ನಾಯಿ ಬಂತು. ಇನ್ನೊಮ್ಮೆ ಹಾಕಿದಳು. ಅದೇ ನಾಯಿ ಬಾಲ ಅಲ್ಲಾಡಿಸಿತು. ಕೊರಳಿಗೆ ಕೈ ಹಾಕಿದಳು, ಬಟ್ಟೆ ಇಲ್ಲ. ಮೂತಿಯ ಮೇಲೆ ಹೊಸ ಕಡಿತ. ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬಟ್ಟೆ ಅಲ್ಲಿತ್ತು.

ಹೊರಗೆ ಓಡಿ ಕಲ್ಲು ಉರುಳಿಸಿ ಚರಂಡಿಯ ಬಾಯಿಗೆ ಕಿವಿ ಇಟ್ಟಳು. ಬೊಗಳು ಕೇಳಿತು, ಬಾವಿಯ ತಳದಿಂದ ಬಂದ ಹಾಗೆ. ಸೂಜಿ ಹೊರಗೆ ಬರುತ್ತಿಲ್ಲವೆಂದರೆ ನಡುವೆ ಕಲ್ಲು ಕುಸಿದಿದೆ. ಈ ಕಡೆ ಕಲ್ಲು, ಆ ಕಡೆ ಸಿಮೆಂಟು.

ಮ್ಯಾನೇಜರ್ ಸ್ಕೂಟರಿಗೆ ಕೀಲಿ ಹಾಕುತ್ತಿದ್ದ. ಕೆಟ್ಟವನೇನಲ್ಲ, ಮೇಲಿನವರ ಹೆದರಿಕೆಯಲ್ಲಿ ಹೊಟ್ಟೆಹುಣ್ಣು ಮಾಡಿಕೊಂಡವನು.

"ಅಷ್ಟೂ ಮೂಟೆ ಇಳಿಸಿ, ಹೊಸ ನೆಲ ಒಡೆಯೋದಾ? ನಾಳೆ ಅವರು ಬಂದು ಗುಂಡಿ ನೋಡಿದ್ರೆ ನನ್ನ ಕಥೆ ಏನಮ್ಮಾ? ಅವರು ಹೋಗ್ಲಿ, ನಾಡಿದ್ದು ನೋಡೋಣ."

"ನಾಡಿದ್ದಿನ ಹೊತ್ತಿಗೆ ಹೆಣ ಸಿಗತ್ತೆ ಸಾರ್."

"ಇನ್ನೊಂದು ನಾಯಿ ಇದೆಯಲ್ಲ?" ಎಂದು ಗಾಡಿ ಒದ್ದು ಚಾಲು ಮಾಡಿದ.

ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಹಮಾಲಿಗಳು ಕೂತಿದ್ದರು. ಅವರ ಮುಂದಾಳನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಇಲಿಯಕ್ಕ ಅವನ ಮುಂದೆ ನಿಂತು, "ನನ್ನ ಸೂಜೀನ ಜೀವಂತ ಮುಚ್ಚಿಬಿಟ್ರಣ್ಣ" ಎಂದಳು. ಯಾರು ಹೇಳಿ ಮುಚ್ಚಿದರು ಎಂಬುದನ್ನು ಹೇಳಲಿಲ್ಲ. ದೊಡ್ಡಣ್ಣ ಲೋಟ ಕೆಳಗಿಟ್ಟು, "ಬೆಳಿಗ್ಗೆ ಬಾ. ಬಾಗಿಲು ತೆಗೆದ ಮೇಲೆ ಅದೇ ಮೊದಲನೇ ಕೆಲಸ" ಎಂದ.

ಮನೆಯಲ್ಲಿ ಗಂಡ ಎಲ್ಲ ಕೇಳಿ, ಯಂತ್ರದ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿದ.

"ಮುಚ್ಚು ಅಂದಿದ್ದು ಯಾರು?"

ಅವಳು ಒಲೆ ಊದಿದಳು.

"ನಿನ್ನನ್ನೇ ಕೇಳಿದ್ದು ಕಣೇ."

"ನಾನೇ."

"ಅವರಿಗೆ ಗೊತ್ತಾ?"

"ಹೇಳಿದ್ರೆ ಒಬ್ಬನೂ ಬರಲ್ಲ. ಒಂದು ದಿನದ ಕೂಲಿ ಬಿಟ್ಟು ನನ್ನ ಕಣ್ಣಿನ ತಪ್ಪಿಗೆ ಯಾಕೆ ಕೂರ್ತಾರೆ?"

"ಹೊಲಿಗೆ ವಕ್ರ ಹೋದ್ರೆ ಬಿಚ್ಚಲೇಬೇಕು. ಮೇಲೆ ಇಸ್ತ್ರಿ ಹೊಡೆದು ಕೊಟ್ರೆ ಗಿರಾಕಿ ಮನೇಲಿ ಗೊತ್ತಾಗತ್ತೆ" ಎಂದು ಅವನು ಮತ್ತೆ ಚಕ್ರ ತಿರುಗಿಸಿದ. ಅವಳಿಗೆ ಮೈ ಉರಿಯಿತು. ಸರಿಯಾದ ಮಾತು ಹೇಳುವ ಗಂಡನಷ್ಟು ಸಿಟ್ಟು ತರಿಸುವ ಪ್ರಾಣಿ ಇನ್ನೊಂದಿಲ್ಲ.

ಬೆಳಿಗ್ಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹಮಾಲಿಗಳು ಕೊಕ್ಕೆಗಳನ್ನು ಹೆಗಲಿಂದ ಇಳಿಸಿ ಕಟ್ಟೆಯ ಮೇಲೆ ಕೂತುಬಿಟ್ಟರು. ನೆಲ ಒಡೆಯುವವರೆಗೆ ಒಂದು ಮೂಟೆಯೂ ಏಳುವುದಿಲ್ಲ ಎಂದ ದೊಡ್ಡಣ್ಣ. ಲಾರಿಯವರ ಹಾರ್ನು ಕಿವಿ ಕಿತ್ತುಹೋಗುವಂತೆ. ಮ್ಯಾನೇಜರ್ ಬಂದ, ನೋಡಿದ, ಗಾರೆಯವನ ರಟ್ಟೆ ಹಿಡಿದು ಎಳೆದುಕೊಂಡು ಬಂದ.

"ಹೇಳಪ್ಪಾ, ಯಾರ ಮಾತು ಕೇಳಿ ಮುಚ್ಚಿದ್ದು?"

ಗಾರೆಯವನು ತಲೆ ತಗ್ಗಿಸಿದ. "ಅಕ್ಕನೇ ಹೇಳಿದ್ದು. ಬಂದಿದಾಳೆ, ಮುಚ್ಚು ಅಂದ್ರು."

ಎಲ್ಲರ ಕಣ್ಣೂ ಅವಳ ಮೇಲೆ. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಗಾರೆಯವನು ದಿನಗೂಲಿಯವನು, ನಿನ್ನೆ ಬಂದವನು. ಅವಳು ಇಲ್ಲವೆಂದರೆ ಯಾರೂ ಅವನನ್ನು ನಂಬುತ್ತಿರಲಿಲ್ಲ. ಒಂದೇ ಒಂದು ಮಾತು, ನಾಯಿ ಉಳಿಯುತ್ತದೆ, ಅವನ ಅನ್ನ ಹೋಗುತ್ತದೆ.

"ಹೌದು, ನಾನೇ ಹೇಳಿದ್ದು," ಎಂದಳು ಇಲಿಯಕ್ಕ. "ಆ ಹುಡುಗನದೇನೂ ತಪ್ಪಿಲ್ಲ. ದಾರನ ಬೆನ್ನು ನೋಡಿ ಸೂಜಿ ಅಂದ್ಕೊಂಡೆ. ನಿನ್ನೆ ನಿಮ್ಮ ಹತ್ರ ಬಾಯಿ ಮುಚ್ಚಿಕೊಂಡಿದ್ದೂ ನಾನೇ. ಬೈಯೋದಿದ್ರೆ ಬೈಯಿರಿ. ಆದ್ರೆ ತಪ್ಪು ಮಾಡಿದ್ದು ನಾನು. ಒಳಗೆ ಬೊಗಳ್ತಿರೋದು ಅವಳು."

ಕಟ್ಟೆಯ ಮೇಲೆ ಗುಸುಗುಸು. ಒಬ್ಬ ಹರೆಯದ ಹಮಾಲಿ ಎದ್ದು ಕೊಕ್ಕೆ ಹೆಗಲಿಗೇರಿಸಿದ.

"ಅಂದ್ಮೇಲೆ ನಾವ್ಯಾಕೆ ಕೂಲಿ ಕಳ್ಕೋಬೇಕು? ಅವರ ನಾಯಿ, ಅವರ ಕಣ್ಣು, ಅವರ ಬಾಯಿ."

"ಕೂತ್ಕೊಳೋ," ಎಂದ ದೊಡ್ಡಣ್ಣ. ಗಟ್ಟಿಯಾಗಿಯೇನೂ ಹೇಳಲಿಲ್ಲ. "ಮೂಟೆ ಸಾಗಿಸೋ ಯಂತ್ರದ ಕೆಳಗಿನ ಹೊಂಡಕ್ಕೆ ಇಳಿದು ಕಸ ತೆಗೆಯೋದು ಯಾರು?"

"ನಾವೇ."

"ಮುಚ್ಚಳ ಹಾಕೋ ಮುಂಚೆ ನೋಡೋದು ಯಾರು?"

"ಮೇಲೆ ಒಬ್ಬ ಇರ್ತಾನಲ್ಲ."

"ಒಬ್ಬ. ಆ ಒಬ್ಬ ಬೀಡಿ ಹಚ್ಚೋಕೆ ಹೋಗಿ, ವಾಪಸ್ ಬಂದು, ದೂರದಲ್ಲಿ ಯಾರದೋ ಬೆನ್ನು ನೋಡಿ 'ಬಂದಿದಾನೆ, ಮುಚ್ಚು' ಅಂದ್ರೆ? ಧೂಳು ಮೆತ್ತಿಕೊಂಡ ಮೇಲೆ ನಿನ್ನ ಬೆನ್ನು ಯಾವುದು, ನನ್ನ ಬೆನ್ನು ಯಾವುದು? ನಿನ್ನ ಹೆಂಡತಿಗೂ ಗೊತ್ತಾಗಲ್ಲ."

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಹರೆಯದವನು ಕೊಕ್ಕೆ ಇಳಿಸಿ ಕೂತ. ದೊಡ್ಡಣ್ಣ ಇಲಿಯಕ್ಕನ ಕಡೆ ತಿರುಗಿ, "ನಿನ್ನೆ ನಮ್ಮ ಹತ್ರ ಮುಚ್ಚಿಟ್ಟಿದ್ದಕ್ಕೆ ಆಮೇಲೆ ಬೈತೀನಿ. ಮರೀಬೇಡ, ನೆನಪು ಮಾಡು" ಎಂದ.

ಲಾರಿಯವರು ಗೇಟಿಗೆ ಒದೆಯಲು ಶುರುಮಾಡಿದ ಮೇಲೆ ಮ್ಯಾನೇಜರ್ ಮೆತ್ತಗಾದ. "ಮೂಟೆ ನೀವೇ ಇಳಿಸಿ, ನೀವೇ ಮತ್ತೆ ಜೋಡಿಸಿ. ಅದಕ್ಕೆ ಕೂಲಿ ಕೇಳಬೇಡಿ. ಬೇಗ ಮುಗಿಸಿ, ಸಾಯಿರಿ."

ಹಮಾಲಿಗಳು ಸಾಲಾಗಿ ನಿಂತು ಬೆನ್ನಿಂದ ಬೆನ್ನಿಗೆ ಮೂಟೆ ದಾಟಿಸಿದರು. ಮೂಲೆ ಬರಿದಾಯಿತು. ಹಾರೆ ಹಿಡಿದು ಮೊದಲ ಏಟು ಹಾಕಿದವನು ಗಾರೆಯವನೇ. ತಾನೇ ಮೆತ್ತಿದ್ದನ್ನು ತಾನೇ ಒಡೆಯುವಾಗ ಅವನ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಹೆಮ್ಮೆ ಇತ್ತು: "ನೋಡಿ, ಎಷ್ಟು ಗಟ್ಟಿ!"

ಬಾಯಿ ತೆರೆಯಿತು. ಇಲಿಯಕ್ಕ ಹೊಟ್ಟೆಯ ಮೇಲೆ ಮಲಗಿ ಕೂಗಿದಳು. ಏನೂ ಇಲ್ಲ. ಸಿಳ್ಳೆ ಹಾಕಿದಳು. ಬೊಗಳು ನಿಂತುಹೋಗಿತ್ತು. ಚರಂಡಿ ಒಳಗೆ ಕವಲೊಡೆದಿತ್ತು. ಯಾವ ಕಡೆ ಅಗೆಯುವುದು? ಇಡೀ ಗೋದಾಮಿನ ನೆಲ ಅಗೆಯಲಾಗುತ್ತದೆಯೇ?

ಅವಳು ಎದ್ದು ದಾರದ ಎದೆಯನ್ನು ಎರಡು ಕೈಯಲ್ಲಿ ಬಳಸಿ ಹಿಡಿದಳು. ಇದುವರೆಗೆ ನೆಲದೊಳಗೆ ಇಳಿದೇ ಇರದ ನಾಯಿ. ಇದೂ ಸಿಕ್ಕಿಕೊಂಡರೆ ಮನೆಯಲ್ಲಿ ಪೆಟ್ಟಿಗೆ ಮಾತ್ರ ಉಳಿಯುತ್ತದೆ. ಬೈಗುಳವೊಂದನ್ನು ಯಾರಿಗೆಂದಿಲ್ಲದೆ ಬೈದು, ಬಿಟ್ಟಳು.

ದಾರ ಮೂಸಿತು, ಕಿವಿ ನಿಮಿರಿಸಿತು, ನುಗ್ಗಿತು. ಬಾಲ ಕತ್ತಲಲ್ಲಿ ಮಾಯವಾಯಿತು. ಬಹಳ ಹೊತ್ತಿನ ಮೇಲೆ ಎಡಗಡೆ, ಗೋಡೆಯ ಹತ್ತಿರ, ನೆಲದಡಿಯಿಂದ ಬೊಗಳು ಕೇಳಿಸಿತು. ಒಂದೇ ಕಡೆ ನಿಂತು ಬಿಡದೆ ಬೊಗಳುವ ಬೊಗಳು. ಬಿಲದ ನಾಯಿಯ ತಳಿಗೆ ತಲೆಮಾರುಗಳು ಕಲಿಸಿದ್ದು ಇದನ್ನೇ: ಹುಡುಕಿದ್ದು ಸಿಕ್ಕಿದಲ್ಲಿ ನಿಲ್ಲು, ಮೇಲಿನವರಿಗೆ ಕೇಳುವಂತೆ ಕೂಗು.

"ಇಲ್ಲಿ! ಇಲ್ಲಿ ಒಡೀರೋ!"

ಹಾಸುಗಲ್ಲನ್ನು ಹಾರೆಗಳಿಂದ ಮೀಟಿ ಎತ್ತಿದರು. ಕೆಳಗೆ ಕುಸಿದ ಕಲ್ಲು, ಕಲ್ಲಿನ ಸಂದಿಯಲ್ಲಿ ಮಣ್ಣು ಮೆತ್ತಿದ ಒಂದು ಗಟ್ಟಿ ಬಾಲ. ಇಲಿಯಕ್ಕ ಮೊಣಕೈವರೆಗೆ ತೋಳು ತೂರಿಸಿ ಬಾಲದ ಬುಡ ಹಿಡಿದು ಎಳೆದಳು. ಸೂಜಿ ಹಿಮ್ಮುಖವಾಗಿ ಹೊರಗೆ ಬಂತು, ಅದರ ಹಿಂದೆಯೇ ದಾರವೂ ಎಗರಿ ಮೇಲೆ ಬಂತು. ಮೂತಿ ಹರಿದಿತ್ತು, ಕಂದು ಕಿವಿ ಸೀಳಿತ್ತು, ಮುಂಗಾಲು ಒಂದು ನೆಲಕ್ಕೆ ಊರಲಾಗುತ್ತಿರಲಿಲ್ಲ. ಕಲ್ಲಿನಾಚೆ ಸತ್ತ ಹೆಗ್ಗಣಗಳು ಬಿದ್ದಿದ್ದವು. ನೀರು ಕೊಟ್ಟರು, ಕುಡಿಯಿತು. ಕುಡಿದು, ಕುಂಟುತ್ತ ನೇರವಾಗಿ ಬಿಲದ ಕಡೆಗೇ ಹೊರಟಿತು. ಒಳಗೆ ಇನ್ನೊಂದು ಬಾಕಿ ಇತ್ತೋ ಏನೋ.

"ಹಿಡೀರಿ ಈ ಪಿಶಾಚೀನ!" ಎಂದು ಇಲಿಯಕ್ಕ ಅದನ್ನು ಎತ್ತಿಕೊಂಡು, ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು. ಧೂಳು ಎಂದಳು. ಧೂಳಂತೂ ಬೇಕಾದಷ್ಟಿತ್ತು.

ಅಷ್ಟರಲ್ಲಿ ಖರೀದಿದಾರರು ಬಂದೇಬಿಟ್ಟರು. ಒಡೆದ ನೆಲ, ಕೆಸರು ಮೆತ್ತಿದ ಜನ, ಸಾಲಾಗಿ ಬಿದ್ದ ಹೆಗ್ಗಣ ಎಲ್ಲ ನೋಡಿ, "ಇಷ್ಟು ಶ್ರದ್ಧೆಯಿಂದ ಇಲಿ ಹಿಡಿಸ್ತೀರಾ?" ಎಂದು ಕೇಳಿದರು. ಮ್ಯಾನೇಜರ್, "ನಮ್ಮಲ್ಲಿ ಯಾವಾಗಲೂ ಹೀಗೇ ಸಾರ್" ಎಂದ. ಅವನ ಮುಖದ ಮೇಲೆ ಒಂದು ಗೆರೆಯೂ ಕದಲಲಿಲ್ಲ.

ದೊಡ್ಡಣ್ಣ ಆಮೇಲೆ ಬೈದ, ಮಾತು ಕೊಟ್ಟಂತೆ. ಇಲಿಯಕ್ಕ ಕೈಕಟ್ಟಿ ನಿಂತು ಬೈಸಿಕೊಂಡಳು. ಬೈಗುಳ ಮುಗಿದ ಮೇಲೆ ಎಲ್ಲರೂ ಸೇರಿ ಮ್ಯಾನೇಜರನ ಕೋಣೆಗೆ ನುಗ್ಗಿದರು. ಬೇಡಿಕೆ ಇಟ್ಟವಳು ಅವಳೇ. "ನನ್ನ ಒಬ್ಬಳ ಮಾತು ಕೇಳಿ ಇನ್ನು ಮುಂದೆ ಏನೂ ಮುಚ್ಚಬೇಡಿ. ನಾನು ಹೇಳಿದ್ರೂ ಮುಚ್ಚಬೇಡಿ" ಎಂದಳು. ಈಗ ಆ ಗೋದಾಮಿನ ಕಾನೂನು ಇದು: ಚರಂಡಿಯಾಗಲಿ, ಹೊಂಡವಾಗಲಿ, ಒಳಗೆ ಇಳಿದದ್ದು ನಾಯಿಯಾಗಲಿ, ಮನುಷ್ಯನಾಗಲಿ, ಹೊರಗೆ ಬಂದವರನ್ನು ಇಬ್ಬರು ಮೈಮುಟ್ಟಿ ನೋಡಬೇಕು, ಹೆಸರು ಹಿಡಿದು ಕೂಗಬೇಕು, ಆಮೇಲೆ ಮುಚ್ಚಳ. ಮೊದಲ ವಾರ ಹಮಾಲಿಗಳು ಇದನ್ನೇ ತಮಾಷೆ ಮಾಡಿಕೊಂಡು ಒಬ್ಬರ ಬೆನ್ನಿಗೆ ಒಬ್ಬರು ಗುದ್ದುತ್ತಿದ್ದರು. ಗುದ್ದಿಕೊಳ್ಳಲಿ ಬಿಡಿ. ಮುಟ್ಟಿದ್ದಂತೂ ಆಯಿತಲ್ಲ.

ಸೂಜಿ ಈಗ ನೆಲದೊಳಗೆ ಇಳಿಯುವುದಿಲ್ಲ. ಹೊಲಿಗೆ ಯಂತ್ರದ ಕೆಳಗೆ, ನಾಯಿ ಕಂಡರಾಗದ ದರ್ಜಿಯ ಪಾದದ ಮೇಲೆ ತಲೆ ಇಟ್ಟು ಮಲಗುತ್ತದೆ. ಅವನು ಒಂದೇ ಕಾಲಲ್ಲಿ ಯಂತ್ರ ತುಳಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ. ದಾರ ಇಳಿಯುತ್ತದೆ. ಈ ಸಲ ದಾರವೇ ಮರಿ ಹಾಕಿದೆ. ಪಕ್ಕದ ಗಿರಣಿಯಲ್ಲಿ ಕಸ ಗುಡಿಸುವ ಹೆಂಗಸೊಬ್ಬಳು ಬಂದು, ತನಗೂ ಒಂದು ಮರಿ ಬೇಕು, ಕಸುಬೂ ಬೇಕು ಎಂದಿದ್ದಾಳೆ. ಇಲಿಯಕ್ಕ ಅವಳ ಕೈಗಳನ್ನು ಮರಿಯ ಎದೆಗೂಡಿನ ಸುತ್ತ ಇಡಿಸಿ, ಬೆರಳು ತಾಗುತ್ತದೆಯೇ ನೋಡು ಎಂದು ಕಲಿಸುತ್ತಿದ್ದಾಳೆ.

ಇನ್ನು ನಿಮ್ಮ ಮಾತು. ನೀವು ದುಡಿಯುವ ಕಡೆಯೂ ಒಂದು ಹೊಂಡ ಇದ್ದೇ ಇರುತ್ತದೆ: ತೊಟ್ಟಿ, ಚರಂಡಿ, ಲಿಫ್ಟಿನ ಗುಂಡಿ, ಯಂತ್ರದ ಹೊಟ್ಟೆ. ಅದರೊಳಗೆ ಇಳಿಯುವವರು ಇದ್ದಾರೆ, ಮೇಲಿಂದ ಮುಚ್ಚುವವರೂ ಇದ್ದಾರೆ. ಮುಚ್ಚುವ ಮುಂಚೆ ಇಬ್ಬರು ಮುಟ್ಟಿ ನೋಡುತ್ತಾರೆಯೇ? ನಾಳೆ ಬೆಳಿಗ್ಗೆ ಹೋಗಿ ಕೇಳಿ. ಇಲ್ಲ ಎಂದರೆ, ಹೌದು ಎನ್ನುವವರೆಗೆ ಕೆಲಸ ಮುಟ್ಟದೆ ಕಟ್ಟೆಯ ಮೇಲೆ ಕೂತುಕೊಳ್ಳಿ.